ಜ್ವರವನ್ನು ಗುರುತಿಸುವ ವಿದ್ಯೆ

ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ತಂದು, ಅದರ ಕಷಾಯವನ್ನು ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುವ ವಾಡಿಕೆ ತುಳುನಾಡಿನಲ್ಲಿ ಇಂದಿಗೂ ಅಳಿದಿಲ್ಲ. ಮಳೆಗಾಲದ ಜ್ವರ ಜಾಡ್ಯಗಳು ಮನೆಯ ಹೊಸ್ತಿಲನ್ನು ತುಳಿಯಬಾರದೆಂಬುದೇ ಇದರ ಆಶಯ. ಅದೇ ತಿಂಗಳಿನಲ್ಲಿ ಆಟಿ ಕಳೆಂಜನು ತಾಳೆಯ ಗರಿಯ ಛತ್ರಿಯನ್ನು ಹಿಡಿದು ಮನೆಮನೆಯ ಅಂಗಳಕ್ಕೆ ಬಂದು ಮಾರಿಯನ್ನು ಕಳೆದುಹೋಗುತ್ತಾನೆ. ಆದರೆ ಹಾಲೆಯ ಕಷಾಯದ ಮಾತಿಗೆ ನಮ್ಮ ಹಿರಿಯರು ಒಂದು ಎಚ್ಚರಿಕೆಯನ್ನೂ ಸೇರಿಸಿ ಹೇಳುತ್ತಾರೆ: ಮರವನ್ನು ಹಿಂದಿನ ದಿನವೇ ಹಗಲು ಬೆಳಕಿನಲ್ಲಿ ನೋಡಿ ಗುರುತು ಮಾಡಿಟ್ಟು ಬರಬೇಕು. ಕತ್ತಲೆಯಲ್ಲಿ ಹಾಲೆಯೆಂದು ಭ್ರಮಿಸಿ ಕಾಸರಕನ ತೊಗಟೆಯನ್ನು ಕೆತ್ತಿ ತಂದರೆ ಔಷಧವಾಗಬೇಕಾದುದೇ ವಿಷವಾಗಿ ಪ್ರಾಣಕ್ಕೆ ಎರವಾಗುತ್ತದೆ.

ಔಷಧಕ್ಕಿಂತ ಮೊದಲು ಗುರುತು. ವೈದ್ಯವಿದ್ಯೆಯ ತಿರುಳೆಲ್ಲ ಈ ಮಾತಿನಲ್ಲಿದೆ. ಮರವನ್ನು ಗುರುತಿಸಬಲ್ಲವನು ಊರಿಗೆ ಒಬ್ಬನಾದರೂ ಇರಬೇಕು. ಹಾಗಾದರೆ ಜ್ವರವನ್ನು ಗುರುತಿಸಬಲ್ಲವನು? ಅಂಥವನನ್ನು ಯಾರು, ಎಷ್ಟು ವರ್ಷ, ಯಾವ ರೀತಿಯಿಂದ ಸಿದ್ಧಗೊಳಿಸುತ್ತಾರೆ? ಅವನು ಬಲ್ಲವನೇ ಹೌದೆಂದು ಮುದ್ರೆಯೊತ್ತುವವರು ಯಾರು? ಸಾಂಕ್ರಾಮಿಕ ರೋಗಗಳ ತಜ್ಞವೈದ್ಯ ಎಂಬ ಹೆಸರು ಈಚೆಗೆ ನಮ್ಮ ಕಿವಿಗೆ ಬೀಳತೊಡಗಿದೆ. ಆ ಹೆಸರಿನ ಹಿಂದಿರುವ ತಪಸ್ಸು ಎಂತಹುದೆಂಬುದನ್ನು ವಾಚಕರು ಅರಿತರೆ ಒಳಿತು.

ಕಟ್ಟೆಯ ಬಳಿಯ ಆಸ್ಪತ್ರೆ

ಮಂಗಳೂರಿನ ಹೃದಯವೆನಿಸಿದ ಹಂಪನಕಟ್ಟೆಗೆ ಆ ಹೆಸರು ಬಂದುದು ಹೇಗೆಂಬುದಕ್ಕೆ ಒಂದು ಐತಿಹ್ಯವಿದೆ. ಅಪ್ಪಣ್ಣನೆಂಬಾತನು ಇಲ್ಲಿನ ಕಟ್ಟೆಯೊಂದರ ಮೇಲೆ ಕುಳಿತು ದಾರಿಗರಿಗೆ ನೀರು ಕೊಡುತ್ತಿದ್ದನಂತೆ. ಅಪ್ಪಣಕಟ್ಟೆಯೇ ಜನರ ಬಾಯಲ್ಲಿ ಹಂಪನಕಟ್ಟೆಯಾಯಿತಂತೆ. ಐತಿಹ್ಯದ ಸತ್ಯಾಸತ್ಯ ಏನೇ ಇರಲಿ, ಬಳಲಿ ಬಂದವರಿಗೆ ಉಪಚಾರ ದೊರೆಯುವ ಸ್ಥಳವೆಂಬ ಕೀರ್ತಿಯನ್ನು ಹಂಪನಕಟ್ಟೆ ಇಂದಿಗೂ ಉಳಿಸಿಕೊಂಡಿದೆ. 1848ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ಮೊದಲಾಗಿ, ಮುಂದೆ ಮದರಾಸಿನ ಗವರ್ನರನಾಗಿದ್ದ ಲಾರ್ಡ್ ವೆನ್ಲಾಕನ ಹೆಸರನ್ನು ಹೊತ್ತ ಸರಕಾರಿ ಆಸ್ಪತ್ರೆ ಇರುವುದು ಇಲ್ಲಿಯೇ. ದಕ್ಷಿಣ ಕನ್ನಡದ ಮೂಲೆಮೂಲೆಗಳಿಂದ ಮಾತ್ರವಲ್ಲದೆ ಕಾಸರಗೋಡಿನಿಂದಲೂ ಘಟ್ಟದ ಮೇಲಿನ ಊರುಗಳಿಂದಲೂ ಬಡವರು ಬಸ್ಸಿಳಿದು ಬರುವುದು ಈ ಬಾಗಿಲಿಗೆ.

1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ, ಖಾಸಗಿಯವರಿಂದ ವೈದ್ಯಕೀಯ ಕಾಲೇಜು ನಡೆದೀತೇ ಎಂದು ಹುಬ್ಬೇರಿಸಿದವರೇ ಬಹಳ. ಪುಸ್ತಕದ ಪಾಠಕ್ಕೆ ಮಣಿಪಾಲವಿತ್ತು; ರೋಗಿಯ ಹಾಸಿಗೆಯ ಬದಿಯ ಪಾಠಕ್ಕೆ ಆಸ್ಪತ್ರೆ ಬೇಕಿತ್ತು. ವೆನ್ಲಾಕ್ ಆಸ್ಪತ್ರೆಯ ವಾರ್ಡುಗಳೇ ಆ ವಿದ್ಯಾರ್ಥಿಗಳಿಗೆ ಗುರುಕುಲವಾದುವು. ಸರಕಾರದ ಆಸ್ಪತ್ರೆಯೂ ಖಾಸಗಿ ಕಾಲೇಜೂ ಕೈಜೋಡಿಸಿದ ಈ ಏರ್ಪಾಡಿನಿಂದ ಜಗತ್ತಿನ ನಾನಾ ದೇಶಗಳಲ್ಲಿ ಇಂದು ದುಡಿಯುತ್ತಿರುವ ವೈದ್ಯರನೇಕರು ತಮ್ಮ ಮೊದಲ ಜ್ವರರೋಗಿಯ ನಾಡಿಯನ್ನು ಹಿಡಿದುದು ಹಂಪನಕಟ್ಟೆಯಲ್ಲಿ. ಇದಕ್ಕೂ ಹಿಂದೆ, ಕಂಕನಾಡಿಯಲ್ಲಿ ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರರು 1880ರಲ್ಲಿ ಬಡವರಿಗಾಗಿ ಔಷಧಾಲಯವನ್ನೂ 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನೂ ತೆರೆದಿದ್ದರೆಂಬುದನ್ನು ನೆನೆದರೆ, ಅಂಟುಜಾಡ್ಯದೊಡನೆ ಈ ಪಟ್ಟಣದ ಹೋರಾಟ ಇಂದು ನಿನ್ನೆಯದಲ್ಲವೆಂಬುದು ವ್ಯಕ್ತವಾಗುತ್ತದೆ.

ಒಂದೇ ಹೆಸರು, ಹಲವು ರೂಪ

ಕರಾವಳಿಯಲ್ಲಿ ಮಳೆ ಹಿಡಿಯಿತೆಂದರೆ ಆಸ್ಪತ್ರೆಯ ಹೊರರೋಗಿಗಳ ಸಾಲು ಉದ್ದವಾಗುತ್ತದೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ಜ್ವರ. ಆದರೆ ಜ್ವರವೆಂಬುದು ರೋಗದ ಹೆಸರಲ್ಲ. ಅದು ರೋಗವು ಬಾಗಿಲು ತಟ್ಟುವ ಸದ್ದು ಮಾತ್ರ. ತಟ್ಟುತ್ತಿರುವವರು ಯಾರೆಂಬುದನ್ನು ಬಾಗಿಲು ತೆರೆದೇ ನೋಡಬೇಕು.

ಮಲೇರಿಯವನ್ನೇ ನೋಡಿ. 1990ರ ದಶಕದಿಂದೀಚೆಗೆ ಮಂಗಳೂರಿನಲ್ಲಿ ಬಹುಮಹಡಿಯ ಕಟ್ಟಡಗಳು ಎದ್ದಂತೆಲ್ಲ ಅದೂ ತಲೆಯೆತ್ತಿತು. ಕಟ್ಟುತ್ತಿರುವ ತಾರಸಿಯ ಮೇಲೆ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ತೊಟ್ಟಿ, ಇವು ಅನಾಫಿಲೀಸ್ ಸ್ಟೀಫೆನ್ಸಿ ಎಂಬ ಸೊಳ್ಳೆಗೆ ತವರುಮನೆ. ಇಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಎಂಬ ಬಗೆಯ ಮಲೇರಿಯದ ಪರೋಪಜೀವಿಯು ಯಕೃತ್ತಿನಲ್ಲಿ ಅಡಗಿ ನಿದ್ರಿಸಬಲ್ಲುದು. ಜ್ವರ ಬಿಟ್ಟಿತೆಂದು ಹದಿನಾಲ್ಕು ದಿನಗಳ ಪ್ರೈಮಾಕ್ವಿನ್ ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸಿದವನಿಗೆ ಕೆಲವು ವಾರಗಳ ಮೇಲೋ ತಿಂಗಳುಗಳ ಮೇಲೋ ಅದೇ ಚಳಿ, ಅದೇ ನಡುಕ ಮರುಕಳಿಸುವುದುಂಟು.

ಇಲಿಯ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಿನಲ್ಲಿ ನಡೆದ ಬೇಸಾಯಗಾರನಿಗೆ, ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರ ಹೊಗುತ್ತದೆ. ಅದು ಮುಂದೆ ಕಾಮಾಲೆಯಾಗಿ ಮೂತ್ರಪಿಂಡಗಳನ್ನೇ ಕೆಡಿಸೀತು. ಪೊದೆಗಳ ನಡುವೆ ಕೆಲಸ ಮಾಡಿದವರಿಗೆ ನುಸಿಯ ಮರಿಯೊಂದು ಕಚ್ಚಿ ಸ್ಕ್ರಬ್ ಟೈಫಸ್ ಬರುವುದುಂಟು. ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ ಕಟ್ಟುತ್ತದೆ. ಅದು ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಇದ್ದರೆ, ಹುಡುಕಿ ನೋಡದ ವೈದ್ಯನಿಗೆ ಕಾಣದು. ಕಂಡರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧದಿಂದ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ಕಾಣದಿದ್ದರೆ ದುಬಾರಿಯ ಪೆನಿಸಿಲಿನ್ ಜಾತಿಯ ಚುಚ್ಚುಮದ್ದುಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳುತ್ತಿದ್ದುದನ್ನೂ ಸುತ್ತಣ ಹಳ್ಳಿಗರು ಜ್ವರದಿಂದ ನರಳುತ್ತಿದ್ದುದನ್ನೂ ಕೂಡಿಸಿ ನೋಡಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಜಗತ್ತು ಅದುವರೆಗೆ ಅರಿಯದಿದ್ದ ವಿಷಾಣುವೊಂದನ್ನು ಬೇರ್ಪಡಿಸಿದರು. ಉಣ್ಣೆಯ ಕಡಿತದಿಂದ ಹರಡುವ ಆ ರೋಗಕ್ಕೆ ವೈದ್ಯಗ್ರಂಥಗಳಲ್ಲಿ ನಮ್ಮ ಮಲೆನಾಡಿನ ಆ ಕಾಡಿನ ಹೆಸರೇ ಇಂದಿಗೂ ಇದೆ. 1982-83ರಲ್ಲಿ ಅದು ಬೆಳ್ತಂಗಡಿ ತಾಲೂಕಿಗೂ ಇಳಿದುಬಂದು ಭೀತಿಯನ್ನು ಹುಟ್ಟಿಸಿತು.

ಕ್ಷಯವೆಂದು ಕಂಡದ್ದು

ಇವೆಲ್ಲಕ್ಕಿಂತ ಕಪಟಿಯಾದ ರೋಗವೊಂದು ನಮ್ಮ ಮಣ್ಣಿನಲ್ಲಿಯೇ ಅಡಗಿದೆ. ಮೆಲಿಯಾಯ್ಡೋಸಿಸ್ ಎಂಬುದು ಅದರ ಹೆಸರು. ರಂಗೂನಿನಲ್ಲಿ ವಿಟ್‌ಮೋರ್ ಎಂಬ ವೈದ್ಯನೂ ಅವನ ಸಹಾಯಕರಾಗಿದ್ದ ಕೃಷ್ಣಸ್ವಾಮಿಯವರೂ 1912ರಲ್ಲಿ ಇದನ್ನು ಮೊದಲು ವರ್ಣಿಸಿದರು. ಹಸಿಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ಬದುಕುವ ಸೂಕ್ಷ್ಮಜೀವಿಯೊಂದು ಇದಕ್ಕೆ ಕಾರಣ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಈ ರೋಗಿಗಳು ಮಳೆಗಾಲದಲ್ಲಿ ವರ್ಷವರ್ಷವೂ ಕಾಣಸಿಗುತ್ತಾರೆಂಬುದನ್ನು ಇಲ್ಲಿನ ವೈದ್ಯರೇ ದಾಖಲಿಸಿದ್ದಾರೆ. ಸಿಹಿಮೂತ್ರವುಳ್ಳವರನ್ನು ಇದು ವಿಶೇಷವಾಗಿ ಆರಿಸಿ ಹಿಡಿಯುತ್ತದೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಬಂಟ್ವಾಳದ ಕಡೆಯ ಐವತ್ತರ ಪ್ರಾಯದ ಬೇಸಾಯಗಾರರೊಬ್ಬರು. ಸಕ್ಕರೆ ಕಾಯಿಲೆ ಇದೆ; ಪಥ್ಯವಿಲ್ಲ. ಗದ್ದೆಯ ಕೆಸರಿನಲ್ಲಿ ನೇಜಿ ನೆಟ್ಟ ಕೆಲವು ವಾರಗಳಲ್ಲಿ ಜ್ವರ, ಕೆಮ್ಮು, ದಿನದಿಂದ ದಿನಕ್ಕೆ ಸೊರಗುವಿಕೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಮೋಡದಂತಹ ಕಲೆ. ನೋಡಿದವರು ಯಾರಾದರೂ ಕ್ಷಯವೆಂದೇ ಎಣಿಸಬೇಕು. ನಮ್ಮ ದೇಶದಲ್ಲಿ ಹಾಗೆಣಿಸುವುದು ಅಪರಾಧವೂ ಅಲ್ಲ. ಕ್ಷಯದ ಮದ್ದು ಮೊದಲಾಗುತ್ತದೆ. ಆದರೆ ಜ್ವರ ಇಳಿಯುವುದಿಲ್ಲ. ಯಕೃತ್ತಿನಲ್ಲಿ ಕೀವು ಕಟ್ಟುತ್ತದೆ, ಮೊಣಕಾಲು ಬಾಯುತ್ತದೆ. ಕೊನೆಗೆ ರಕ್ತವನ್ನು ಪ್ರಯೋಗಾಲಯದಲ್ಲಿ ಕೃಷಿಗೆ ಇಟ್ಟಾಗ ಏನೋ ಬೆಳೆಯುತ್ತದೆ. ಅನುಭವವಿಲ್ಲದ ಕಣ್ಣು ಅದನ್ನು ಹೊರಗಿನಿಂದ ಸೇರಿದ ಕಶ್ಮಲವೆಂದು ಚೆಲ್ಲಿಬಿಡುವ ಸಂಭವವೂ ಉಂಟು. ಅಷ್ಟರಲ್ಲಿ ಕಾಲ ಮೀರುತ್ತದೆ.

ಅದೇ ರೋಗಿಯನ್ನು ಬಲ್ಲವರೊಬ್ಬರು ಮೊದಲ ದಿನವೇ ನೋಡಿದ್ದರೆ ಕೇಳುತ್ತಿದ್ದ ಪ್ರಶ್ನೆಗಳು ಬೇರೆ: ಕೆಲಸವೇನು? ಗದ್ದೆಗೆ ಇಳಿದಿದ್ದಿರಾ? ಕಾಲಿನಲ್ಲಿ ಗಾಯವಿತ್ತೇ? ಸಕ್ಕರೆ ಎಷ್ಟಿದೆ? ಔಷಧ ಕೊಡುವ ಮುನ್ನವೇ ರಕ್ತವನ್ನು ಕೃಷಿಗೆ ಕಳುಹಿಸಿ, ಪ್ರಯೋಗಾಲಯದವರಿಗೆ ತಮ್ಮ ಸಂದೇಹವನ್ನು ತಿಳಿಸುತ್ತಿದ್ದರು. ಗುರುತು ಸಿಕ್ಕಿದರೆ ಚಿಕಿತ್ಸೆ ಇದೆ: ಮೊದಲು ಕನಿಷ್ಠ ಹತ್ತು ಹದಿನಾಲ್ಕು ದಿನ ರಕ್ತನಾಳದ ಮೂಲಕ ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್, ಆಮೇಲೆ ಮೂರು ತಿಂಗಳಾದರೂ ಮಾತ್ರೆ. ಹಾಲೆಗೂ ಕಾಸರಕಕ್ಕೂ ಇರುವ ಅಂತರವೇ ಇಲ್ಲಿಯೂ ಇರುವುದು. ಒಂದು ಸಂಸಾರದ ಯಜಮಾನನು ಉಳಿಯುವುದೂ ಅಳಿಯುವುದೂ ಒಬ್ಬರ ಗುರುತಿಸುವ ಶಕ್ತಿಯ ಮೇಲೆ ನಿಂತಿದೆ.

ಹನ್ನೊಂದೂವರೆ ವರ್ಷದ ವ್ರತ

ಈ ಶಕ್ತಿ ಹುಟ್ಟಿನಿಂದ ಬರುವುದಲ್ಲ. ನಮ್ಮ ದೇಶದ ಕ್ರಮವನ್ನು ಮೊದಲು ನೋಡೋಣ. ಪಿ.ಯು.ಸಿ. ಮುಗಿಸಿ ನೀಟ್ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಎಂ.ಬಿ.ಬಿ.ಎಸ್. ತರಗತಿಗೆ ಸೇರುತ್ತಾನೆ. ನಾಲ್ಕೂವರೆ ವರ್ಷ ವ್ಯಾಸಂಗ, ಒಂದು ವರ್ಷ ಆಸ್ಪತ್ರೆಯಲ್ಲಿ ಕಡ್ಡಾಯ ಸೇವೆ. ಇಷ್ಟಾದರೆ ವೈದ್ಯಕೀಯ ಪರಿಷತ್ತಿನ ದಾಖಲೆಯಲ್ಲಿ ಹೆಸರು ಏರಿ, ವೈದ್ಯವೃತ್ತಿಯನ್ನು ನಡೆಸುವ ಅಧಿಕಾರ ಲಭಿಸುತ್ತದೆ. ಆದರೆ ಅಧಿಕಾರ ಬೇರೆ, ಪರಿಣತಿ ಬೇರೆ. ಮುಂದೆ ಮತ್ತೊಂದು ಪ್ರವೇಶ ಪರೀಕ್ಷೆಯನ್ನು ದಾಟಿ, ಮುಖ್ಯವಾಗಿ ಸಾಮಾನ್ಯ ವೈದ್ಯಶಾಸ್ತ್ರದಲ್ಲಿ, ಮೂರು ವರ್ಷಗಳ ಎಂ.ಡಿ. ಪದವಿಯನ್ನು ಪಡೆಯಬೇಕು. ಅನಂತರ ಮೂರನೆಯ ಪ್ರವೇಶ ಪರೀಕ್ಷೆ. ಅದರಲ್ಲಿ ಗೆದ್ದವನಿಗೆ ಸಾಂಕ್ರಾಮಿಕ ರೋಗಗಳ ಡಿ.ಎಂ. ಎಂಬ ಮೂರು ವರ್ಷಗಳ ಶಿಕ್ಷಣ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಮೊದಲಾದ ಸಂಸ್ಥೆಗಳಲ್ಲಿ ಈ ವ್ಯಾಸಂಗವಿದೆ. ರಾಷ್ಟ್ರೀಯ ಪರೀಕ್ಷಾ ಮಂಡಲಿಯೂ ತಾನು ಮಾನ್ಯ ಮಾಡಿದ ಆಸ್ಪತ್ರೆಗಳ ಮೂಲಕ ಈ ವಿಷಯದಲ್ಲಿ ತರಬೇತಿ ಕೊಡಿಸಿ ಪರೀಕ್ಷೆ ನಡೆಸುತ್ತದೆ.

ಕೂಡಿಸಿ ನೋಡಿದರೆ ಹನ್ನೊಂದೂವರೆ ವರ್ಷ. ಹದಿನೆಂಟರಲ್ಲಿ ಕಾಲೇಜು ಸೇರಿದವನು ಎಲ್ಲಿಯೂ ತಡೆಯದೆ ಓದಿದರೂ ಮೂವತ್ತರ ಹೊಸ್ತಿಲಿಗೆ ಬಂದಿರುತ್ತಾನೆ. ಪ್ರವೇಶ ಪರೀಕ್ಷೆಗಳಿಗಾಗಿ ಕಾದು ಕಳೆದ ವರ್ಷಗಳು ಈ ಲೆಕ್ಕಕ್ಕೆ ಸೇರಿಲ್ಲ. ಓರಗೆಯವರು ಮನೆ ಕಟ್ಟಿ ಮಕ್ಕಳನ್ನು ಶಾಲೆಗೆ ಸೇರಿಸುವ ಹೊತ್ತಿನಲ್ಲಿ ಇವನು ಇನ್ನೂ ವಿದ್ಯಾರ್ಥಿ.

ಆ ಕೊನೆಯ ವರ್ಷಗಳಲ್ಲಿ ಅವನು ಕಲಿಯುವುದಾದರೂ ಏನು? ವಾರ್ಡಿನಲ್ಲಿ ಗುರುಗಳ ಜೊತೆ ರೋಗಿಗಳನ್ನು ನೋಡುವುದು; ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕುಳಿತು, ವೈದ್ಯರು ಕಳುಹಿಸಿದ ರಕ್ತ ಕಫಗಳು ಅಲ್ಲಿ ಏನಾಗುತ್ತವೆಂಬುದನ್ನು ಕಣ್ಣಾರೆ ಕಾಣುವುದು; ಕ್ಷಯ ಮತ್ತು ಎಚ್.ಐ.ವಿ. ರೋಗಿಗಳ ದೀರ್ಘ ಚಿಕಿತ್ಸೆ. ಅನ್ಯರ ಮೂತ್ರಪಿಂಡವನ್ನು ಜೋಡಿಸಿಕೊಂಡವರು, ಕ್ಯಾನ್ಸರಿನ ಔಷಧ ಸೇವಿಸುತ್ತಿರುವವರು ಮೊದಲಾದ ನಿಶ್ಶಕ್ತರಿಗೆ ತಗಲುವ ಸೋಂಕುಗಳು. ಆಸ್ಪತ್ರೆಯೊಳಗೇ ಒಬ್ಬರಿಂದೊಬ್ಬರಿಗೆ ಹರಡುವ ಸೋಂಕನ್ನು ತಡೆಯುವ ವಿಧಾನ. ಯಾವ ಔಷಧವನ್ನು ಯಾರಿಗೆ, ಎಷ್ಟು ದಿನ ಕೊಡಬೇಕು, ಅದಕ್ಕಿಂತ ಮಿಗಿಲಾಗಿ ಯಾರಿಗೆ ಕೊಡಬಾರದು ಎಂಬ ವಿವೇಕ. ಜೊತೆಗೆ ಸಂಶೋಧನೆಯನ್ನೂ ಮಾಡಬೇಕು. ಕೊನೆಗೆ ಲಿಖಿತ ಪರೀಕ್ಷೆ, ರೋಗಿಯ ಬಳಿಯಲ್ಲಿ ಪರೀಕ್ಷೆ, ಮೌಖಿಕ ಪ್ರಶ್ನೆಗಳು.

ಅಮೆರಿಕದ ಕ್ರಮ

ಮಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ ವೈದ್ಯರಾಗಿರುವುದರಿಂದ ಅಲ್ಲಿಯ ರೀತಿಯನ್ನೂ ಅರಿತುಕೊಳ್ಳುವುದು ಉಚಿತ. ಅಲ್ಲಿ ವೃತ್ತಿ ನಡೆಸುವ ಲೈಸೆನ್ಸನ್ನು ಕೊಡುವುದು ಆಯಾ ರಾಜ್ಯ. ತಜ್ಞನೆಂಬ ಪ್ರಮಾಣಪತ್ರವನ್ನು ಕೊಡುವುದಾದರೋ ಸರಕಾರವಲ್ಲ. ವೈದ್ಯರೇ ಕಟ್ಟಿಕೊಂಡ ಸ್ವತಂತ್ರ ಮಂಡಲಿ. ಸಾಮಾನ್ಯ ವೈದ್ಯಶಾಸ್ತ್ರಕ್ಕೆ ಸಂಬಂಧಿಸಿದ ಅಮೆರಿಕನ್ ಬೋರ್ಡ್ 1936ರಲ್ಲಿ ಸ್ಥಾಪಿತವಾಯಿತು. ಸಾಂಕ್ರಾಮಿಕ ರೋಗಗಳಿಗೆಂದು ಅದು ಪ್ರತ್ಯೇಕ ಪರೀಕ್ಷೆಯನ್ನು ಮೊದಲು ಮಾಡಿದುದು 1972ರಲ್ಲಿ.

ಇಲ್ಲಿಂದ ಹೋದ ಪದವೀಧರನು ಮೊದಲು ಅಲ್ಲಿಯ ಅರ್ಹತಾ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ತನ್ನ ಪದವಿಗೆ ಮನ್ನಣೆಯನ್ನು ಪಡೆಯಬೇಕು. ಬಳಿಕ ಮೂರು ವರ್ಷ ಸಾಮಾನ್ಯ ವೈದ್ಯಶಾಸ್ತ್ರದ ರೆಸಿಡೆನ್ಸಿ, ಅದರ ಬೋರ್ಡ್ ಪರೀಕ್ಷೆ. ಆ ಮೇಲೆ ಸಾಂಕ್ರಾಮಿಕ ರೋಗಗಳಲ್ಲಿ ಇಪ್ಪತ್ತನಾಲ್ಕು ತಿಂಗಳ ಫೆಲೋಶಿಪ್. ಅದರಲ್ಲಿ ಹನ್ನೆರಡು ತಿಂಗಳಾದರೂ ರೋಗಿಗಳ ಆರೈಕೆಯಲ್ಲಿಯೇ ಕಳೆಯಬೇಕು. ಪುಸ್ತಕದ ಜ್ಞಾನವಷ್ಟೇ ಸಾಲದು. ರೋಗಿಯೊಡನೆ ಮಾತನಾಡುವ ರೀತಿ, ನಡತೆ, ತನ್ನ ಕೆಲಸವನ್ನು ತಾನೇ ಒರೆಗೆ ಹಚ್ಚಿ ನೋಡುವ ಗುಣ, ಇವನ್ನೂ ಗಮನಿಸಿ, ಈತನು ಸಮರ್ಥನೆಂದು ತರಬೇತಿಯ ನಿರ್ದೇಶಕರು ಸಾಕ್ಷ್ಯ ಹೇಳಬೇಕು. ಆಗ ಮಾತ್ರ ಕೊನೆಯ ಪರೀಕ್ಷೆಗೆ ಕೂರಲು ಅವಕಾಶ. ಮಕ್ಕಳ ಸಾಂಕ್ರಾಮಿಕ ರೋಗಗಳಿಗೆ ಬೇರೆಯೇ ಮಂಡಲಿ, ಬೇರೆಯೇ ಪರೀಕ್ಷೆ ಇದೆ.

ಇನ್ನೊಂದು ವಿಶೇಷವನ್ನು ನಾವು ಗಮನಿಸಬೇಕು. 1990ರಿಂದ ಅಲ್ಲಿಯ ಈ ಪ್ರಮಾಣಪತ್ರವನ್ನು ಜೀವಾವಧಿಗೆ ಕೊಡುವ ಪದ್ಧತಿ ನಿಂತುಹೋಯಿತು. ವೈದ್ಯನು ತನ್ನ ಜ್ಞಾನವು ಹಳಸಿಲ್ಲವೆಂಬುದನ್ನು ಕಾಲಕಾಲಕ್ಕೆ ತೋರಿಸುತ್ತಿರಬೇಕು. ಇದರ ಖರ್ಚು ವೆಚ್ಚ, ಕಿರುಕುಳಗಳ ವಿಚಾರದಲ್ಲಿ ಅಲ್ಲಿಯ ವೈದ್ಯರೇ ಗೊಣಗುವುದುಂಟು. ಆದರೂ ಮೂಲತತ್ತ್ವ ಒಪ್ಪತಕ್ಕುದೇ. 1980ಕ್ಕಿಂತ ಮುಂಚೆ ಓದಿ ಮುಗಿಸಿದವನ ಪಠ್ಯದಲ್ಲಿ ಎಚ್.ಐ.ವಿ. ಎಂಬ ಮಾತೇ ಇರಲಿಲ್ಲ. 2019ಕ್ಕಿಂತ ಮುಂಚೆ ಓದಿದವನಿಗೆ ಕೋವಿಡ್ ಗೊತ್ತಿರಲಿಲ್ಲ. ಬೇರೆ ಶಾಸ್ತ್ರಗಳಲ್ಲಿ ವಿದ್ವಾಂಸನು ಮುಂದುವರಿಯುತ್ತಾನೆ. ಈ ಶಾಸ್ತ್ರದಲ್ಲಿ ಶತ್ರುವೂ ಮುಂದುವರಿಯುತ್ತಾನೆ.

ಹಳೆಯ ಮಾತು, ಹೊಸ ಮುದ್ರೆ

ಪರೀಕ್ಷೆ, ಪ್ರಮಾಣಪತ್ರ ಇವೆಲ್ಲ ಪಶ್ಚಿಮದವರ ಸೃಷ್ಟಿ ಎಂದು ಭಾವಿಸಬೇಕಾಗಿಲ್ಲ. ಶಾಸ್ತ್ರವನ್ನು ಓದಿ, ಅರ್ಥ ತಿಳಿದು, ಕೆಲಸವನ್ನು ಕಣ್ಣಿನಿಂದ ಕಂಡು, ಕೈಯಿಂದ ಮಾಡಿ, ಆಮೇಲೆ ಅರಸನ ಅನುಮತಿಯನ್ನು ಪಡೆದೇ ವೈದ್ಯನು ವೃತ್ತಿಗೆ ಇಳಿಯಬೇಕೆಂಬುದು ಸುಶ್ರುತಸಂಹಿತೆಯ ಸೂತ್ರಸ್ಥಾನದ ವಿಧಿ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವೆಂಬ ವಿಚಾರಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಪ್ರಕೃತಿ, ಆಹಾರ, ವಯಸ್ಸು ಬೇರೆ ಬೇರೆಯಾದ ಜನರೆಲ್ಲ ಏಕಕಾಲದಲ್ಲಿ ಒಂದೇ ರೋಗಕ್ಕೆ ತುತ್ತಾಗುವುದೇಕೆಂದು ಕೇಳಿ, ಗಾಳಿ, ನೀರು, ದೇಶ, ಕಾಲ ಈ ನಾಲ್ಕು ಕೆಡುವುದೇ ಕಾರಣವೆಂದು ಅಲ್ಲಿ ಉತ್ತರಿಸಿದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿಯೂ ಪ್ರಶ್ನೆ ಮಾತ್ರ ಸರಿಯಾಗಿಯೇ ಹುಟ್ಟಿತ್ತು.

ಸರಿಯಾದ ಪ್ರಶ್ನೆಯ ಬೆಲೆ ಎಷ್ಟೆಂಬುದಕ್ಕೆ ನೆರೆಯ ಕೇರಳದಲ್ಲಿ ಒಂದು ದೃಷ್ಟಾಂತ ದೊರೆಯಿತು. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನ ಆಸ್ಪತ್ರೆಯೊಂದಕ್ಕೆ ತರುಣನೊಬ್ಬನನ್ನು ಜ್ವರದಿಂದ ಕರೆತಂದರು. ಅವನ ಸೋದರನು ಕೆಲವೇ ದಿನಗಳ ಹಿಂದೆ ಅದೇ ಬಗೆಯ ಜ್ವರದಿಂದ ತೀರಿಕೊಂಡಿದ್ದನು. ಒಂದೇ ಮನೆಯಲ್ಲಿ ಎರಡು ಸಲ ಹೀಗೇಕಾಯಿತೆಂದು ವೈದ್ಯರು ಪ್ರಶ್ನಿಸಿದರು. ಮಾದರಿಗಳನ್ನು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳುಹಿಸಿದರು. ನಿಪಾ ಎಂಬ ಉತ್ತರ ಬಂದಿತು. ಪುಣೆಯ ಸಂಸ್ಥೆ ಅದನ್ನು ಸ್ಥಿರಪಡಿಸಿತು. ಎರಡನೆಯ ರೋಗಿಯಲ್ಲಿಯೇ ಗುರುತು ಸಿಕ್ಕಿದ್ದರಿಂದ ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಬೇರ್ಪಡಿಸಲು ಸಾಧ್ಯವಾಗಿ, ಕೆಲವು ವಾರಗಳಲ್ಲಿ ಮಾರಿ ಅಡಗಿತು.

ನಾವು ಮಾಡಬೇಕಾದುದು

ಹಾಗೆಂದು ಪ್ರತಿಯೊಂದು ಜ್ವರಕ್ಕೂ ತಜ್ಞರನ್ನೇ ಹುಡುಕಿಕೊಂಡು ಹೋಗಬೇಕೆಂದಲ್ಲ. ನಮ್ಮ ದೇಶದಲ್ಲಿ ಅಂಥವರು ವಿರಳ. ಈ ಶಾಖೆಯಲ್ಲಿ ಶಸ್ತ್ರಕ್ರಿಯೆಯಿಲ್ಲ, ದೊಡ್ಡ ಯಂತ್ರಗಳಿಲ್ಲ. ಕೇಳುವುದು, ನೋಡುವುದು, ಯೋಚಿಸುವುದು ಇಷ್ಟೇ ಬಂಡವಾಳ. ಆದುದರಿಂದ ಹೃದ್ರೋಗತಜ್ಞನ ಸಂಪಾದನೆ ಇವನಿಗಿಲ್ಲ. ಅಮೆರಿಕದಲ್ಲಿಯೂ ಈ ಕಾರಣದಿಂದ ತರಬೇತಿಯ ಸ್ಥಾನಗಳೆಷ್ಟೋ ತೆರವಾಗಿ ಉಳಿಯುವುದುಂಟು. ಮಂಗನ ಕಾಯಿಲೆಗೆ ಹೆಸರು ಕೊಟ್ಟ ನಾಡು, ಇಲಿಜ್ವರ ಮಲೇರಿಯಗಳ ನಡುವೆ ಬಾಳುವ ಕರಾವಳಿ, ಇಂತಹ ತಜ್ಞರನ್ನು ಬೆಳೆಸಿಕೊಳ್ಳದಿದ್ದರೆ ಹೋಗುವುದು ನಮ್ಮವರ ಪ್ರಾಣವೇ. ಜಿಲ್ಲೆಗೊಬ್ಬರಾದರೂ ಇದ್ದು, ಊರಿನ ವೈದ್ಯರಿಗೆ ಸಂದೇಹ ಬಂದಾಗ ಕೇಳಲು ಒಂದು ದಾರಿಯಿದ್ದರೆ, ಬೇಸಾಯಗಾರನ ಕ್ಷಯವು ಕ್ಷಯವಲ್ಲವೆಂಬುದು ಸಕಾಲದಲ್ಲಿ ತಿಳಿದೀತು.

ರೋಗಿಯ ಪಾಲಿಗೂ ಕರ್ತವ್ಯವಿದೆ. ಪರಿಚಯದ ಔಷಧದಂಗಡಿಗೆ ಹೋಗಿ, ಕಳೆದ ಸಲ ಕೊಟ್ಟ ಮಾತ್ರೆಯನ್ನೇ ಕೊಡಿ ಎನ್ನುವ ಅಭ್ಯಾಸ ಒಳ್ಳೆಯದಲ್ಲ. ಅನೇಕ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ ಮಾರಿದುದಕ್ಕೆ ಲೆಕ್ಕವಿಡಬೇಕೆಂದೂ 2014ರ ಮಾರ್ಚಿನಿಂದ ಎಚ್-1 ಎಂಬ ಪಟ್ಟಿಯ ನಿಯಮ ಜಾರಿಯಲ್ಲಿದೆ. ನಾಲ್ಕು ಮಾತ್ರೆ ನುಂಗಿದ ಮೇಲೆ ರಕ್ತವನ್ನು ಕೃಷಿಗಿಟ್ಟರೆ, ಕಳ್ಳನು ಹೆಜ್ಜೆ ಗುರುತನ್ನು ಅಳಿಸಿಹೋದ ಮನೆಯನ್ನು ಪೊಲೀಸರು ಪರೀಕ್ಷಿಸಿದಂತಾಗುತ್ತದೆ. ಅರ್ಧಂಬರ್ಧ ಔಷಧಕ್ಕೆ ಸಾಯದೆ ಉಳಿದ ಸೂಕ್ಷ್ಮಜೀವಿ ಮುಂದೆ ಪೂರ್ಣ ಔಷಧಕ್ಕೂ ಬಗ್ಗದು.

ಆದುದರಿಂದ ಜ್ವರವೆಂದು ವೈದ್ಯರ ಬಳಿಗೆ ಹೋದಾಗ, ಅವರು ಕೇಳಲಿ ಬಿಡಲಿ, ಈ ನಾಲ್ಕು ಸಂಗತಿಗಳನ್ನು ಹೇಳಿಬಿಡಿ: ನಾನು ಮಾಡುವ ಕೆಲಸ ಇಂಥದು, ಈ ತಿಂಗಳಲ್ಲಿ ಇಂಥ ಊರಿಗೆ, ಗದ್ದೆಗೆ, ಕಾಡಿಗೆ ಹೋಗಿದ್ದೆ, ಸಿಹಿಮೂತ್ರ ಮೊದಲಾದ ಇಂಥ ಕಾಯಿಲೆ ನನಗಿದೆ, ಇಷ್ಟು ದಿನಗಳಿಂದ ಇಂಥ ಮಾತ್ರೆ ನುಂಗುತ್ತಿದ್ದೇನೆ. ಹನ್ನೊಂದೂವರೆ ವರ್ಷ ಓದಿದ ತಜ್ಞನು ಬಾಯಿಬಿಟ್ಟು ಮೊದಲು ಕೇಳುವುದೂ ಇವನ್ನೇ. ಉತ್ತರವು ಅವನ ಪುಸ್ತಕಗಳಲ್ಲಿಲ್ಲ. ಅದು ರೋಗಿಯ ಬಳಿ ಇದೆ.